ಅನುಮಾನದ ಅಂಕಿ

ಬರ್ಲಿನ್, 1880. ಬೆಳಗಿನ ಹತ್ತು ಗಂಟೆ ಈಗಷ್ಟೇ ದಾಟಿದೆ. ಬೀದಿಯಲ್ಲಿ ಕುದುರೆ ಟ್ರಾಮು ಹಳಿಯ ಮೇಲೆ ಉರುಳುವ ಸದ್ದು. ಒಳಗೆ ಮೇಜಿನ ಎದುರು ದಟ್ಟ ಗಡ್ಡದ, ಮೂವತ್ತರ ಯುವಕನೊಬ್ಬ ಹಾಳೆಯೊಂದನ್ನು ಹಿಡಿದು ಓದುತ್ತಿದ್ದಾನೆ. ನೀವು ಅವನ ಬೆನ್ನ ಹಿಂದೆಯೇ ನಿಂತಿದ್ದೀರಿ. ಕಿವಿಗೊಡಿ. ಕೇಳಿಸುತ್ತಿರುವುದು ಪದ್ಯವಲ್ಲ, ಪ್ರಾರ್ಥನೆಯಲ್ಲ, ಯಾವ ಭಾಷೆಯ ಮಾತೂ ಅಲ್ಲ. ಬೋಕ್, ಸಿಡ್, ಝಾಟ್ ಎಂಬಂಥ ತುಣುಕುಗಳು. ಮೊದಲೊಂದು ವ್ಯಂಜನ, ನಡುವೆ ಸ್ವರ, ಕೊನೆಗೆ ಮತ್ತೊಂದು ವ್ಯಂಜನ. ಪಕ್ಕದಲ್ಲಿ ಗಡಿಯಾರ ನಿಮಿಷಕ್ಕೆ 150ರ ಲಯದಲ್ಲಿ ಬಡಿಯುತ್ತಿದೆ. ಬಡಿತಕ್ಕೊಂದು ತುಣುಕು. ಧ್ವನಿಯಲ್ಲಿ ಏರಿಳಿತವಿದೆ, ಮೂರಕ್ಕೋ ನಾಲ್ಕಕ್ಕೋ ಒಮ್ಮೆ ಒತ್ತು ಬೀಳುತ್ತದೆ, ಆದರೆ ಅವಸರವಿಲ್ಲ.

ಹದಿಮೂರು ತುಣುಕುಗಳ ಒಂದು ಸರಣಿ ಮುಗಿಯಿತು. ಈಗ ಹಾಳೆಯಿಂದ ಕಣ್ಣು ತೆಗೆದು ಬಾಯಿಪಾಠ ಒಪ್ಪಿಸಲು ಯತ್ನಿಸುತ್ತಾನೆ. ಆರನೆಯದರಲ್ಲಿ ತಡವರಿಸಿದ. ತಡವರಿಸಿದ ಜಾಗದಿಂದ ಮುಂದಿನದನ್ನು ನೋಡಿಕೊಂಡು ಕೊನೆಯವರೆಗೂ ಓದಿ, ಮತ್ತೆ ಮೊದಲಿಗೆ ಬರುತ್ತಾನೆ. ಕಷ್ಟವಾದ ತುಣುಕನ್ನಷ್ಟೇ ಹಿಡಿದು ತಿದ್ದಿಕೊಳ್ಳುವ ಹಾಗಿಲ್ಲ. ಸರಣಿಯನ್ನು ಯಾವಾಗಲೂ ಇಡಿಯಾಗಿಯೇ ಓದಬೇಕು. ತುಣುಕುಗಳ ನಡುವೆ ಕಥೆ ಕಟ್ಟಿಕೊಂಡು ನೆನಪಿಡುವ ಜಾಣತನವೂ ನಿಷಿದ್ಧ. ನಿಯಮ ಹಾಕಿದವನೂ ಅವನೇ, ಪಾಲಿಸಬೇಕಾದವನೂ ಅವನೇ. ಮೇಲ್ವಿಚಾರಣೆಗೆ ಇನ್ಯಾರೂ ಇಲ್ಲ.

ಸರಣಿ ತಪ್ಪಿಲ್ಲದೆ ಎರಡು ಸಲ ಬಾಯಿಗೆ ಬಂತು. ಹದಿನೈದು ಸೆಕೆಂಡು ಬಿಡುವು. ಆ ಹದಿನೈದು ಸೆಕೆಂಡಿನಲ್ಲಿ ಲೇಖನಿ ಹಿಡಿದು ಹಿಡಿದ ಹೊತ್ತನ್ನು ಗುರುತಿಸಿಕೊಳ್ಳುತ್ತಾನೆ. ಮುಂದಿನ ಸರಣಿ ಶುರು. ಹೀಗೆ ಎಂಟು ಸರಣಿ ಮುಗಿದರೆ ಒಂದು ಪರೀಕ್ಷೆಯ ಅರ್ಧ ಮುಗಿದಂತೆ. ಉಳಿದರ್ಧ ಯಾವಾಗ ಎಂಬುದೇ ಅವನು ಕೇಳುತ್ತಿರುವ ಪ್ರಶ್ನೆ. ಅದೇ ಎಂಟು ಸರಣಿಗಳನ್ನು ಇನ್ನು ಕೆಲವು ನಿಮಿಷಕ್ಕೆ ಮತ್ತೆ ಕಲಿಯಬಹುದು, ನಾಳೆ ಕಲಿಯಬಹುದು, ಒಂದು ತಿಂಗಳ ಮೇಲೆ ಕಲಿಯಬಹುದು.

ಈತ ಹೆರ್ಮಾನ್ ಎಬ್ಬಿಂಗ್‌ಹೌಸ್. 1850ರಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಹುಟ್ಟಿದವನು. ಬಾನ್‌ನಲ್ಲಿ ತತ್ತ್ವಶಾಸ್ತ್ರದ ಡಾಕ್ಟರೇಟ್ ಪಡೆದು, ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಕೆಲವು ವರ್ಷ ಕಳೆದು ಬಂದಿದ್ದಾನೆ. ಗುಸ್ತಾವ್ ಫೆಕ್ನರ್ 1860ರಲ್ಲಿ ಪ್ರಕಟಿಸಿದ ಮನೋಭೌತಶಾಸ್ತ್ರದ ಗ್ರಂಥ ಅವನ ಬುದ್ಧಿಗೆ ಕಿಡಿ ಹೊತ್ತಿಸಿದೆ. ಬೆಳಕು, ಸದ್ದು, ತೂಕಗಳ ಅನುಭವವನ್ನು ಅಳೆಯಬಹುದು ಎಂದು ಫೆಕ್ನರ್ ತೋರಿಸಿದ್ದ. ಲೈಪ್ಸಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಾಲಯ ತೆರೆದಿದ್ದಾನೆ. ಅಲ್ಲಿ ಅಳತೆಗೆ ಸಿಗುತ್ತಿರುವುದು ಇಂದ್ರಿಯಗಳ ಅರಿವು, ಪ್ರತಿಕ್ರಿಯೆಯ ವೇಗ. ನೆನಪಿನಂಥ ಒಳಗಿನ ವ್ಯಾಪಾರವನ್ನು ಗಡಿಯಾರಕ್ಕೂ ಕೋಷ್ಟಕಕ್ಕೂ ಒಡ್ಡಲು ಇನ್ನೂ ಹೆಚ್ಚುಕಡಿಮೆ ಯಾರೂ ಕೈಹಾಕಿಲ್ಲ. ಎಬ್ಬಿಂಗ್‌ಹೌಸ್‌ಗೆ ಪ್ರಯೋಗಾಲಯವಿಲ್ಲ, ಸಹಾಯಕರಿಲ್ಲ, ಪ್ರಯೋಗಕ್ಕೆ ಕೂರುವ ವಿದ್ಯಾರ್ಥಿಗಳೂ ಇಲ್ಲ. ತನ್ನ ತಲೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದಾನೆ.

ಮೇಜಿನ ಮೇಲಿನ ಚೀಟಿಗಳ ರಾಶಿಯನ್ನು ನೋಡಿ. ಸುಮಾರು 2,300 ತುಣುಕುಗಳು, ಎಲ್ಲ ಕಲೆಸಿಟ್ಟವು. ಕಣ್ಣುಮುಚ್ಚಿ ಎತ್ತಿದಂತೆ ಎತ್ತಿ ಸರಣಿ ಮಾಡುತ್ತಾನೆ, ಮುಗಿದ ಮೇಲೆ ಮತ್ತೆ ಕಲೆಸುತ್ತಾನೆ. ಪದ್ಯವನ್ನೋ ಗದ್ಯವನ್ನೋ ಏಕೆ ಬಾಯಿಪಾಠ ಮಾಡಬಾರದು? ಅದನ್ನೂ ಮಾಡಿ ನೋಡಿದ್ದಾನೆ. ಬೈರನ್‌ನ ಡಾನ್ ಜುವಾನ್ ಕಾವ್ಯದ ಎಂಬತ್ತು ಉಚ್ಚಾರಾಂಶಗಳ ಒಂದೊಂದು ಪದ್ಯ ಒಂಬತ್ತಕ್ಕಿಂತ ಕಡಿಮೆ ಓದಿಗೆ ಅವನ ಬಾಯಿಗೆ ಬರುತ್ತಿತ್ತು. ಅರ್ಥವಿಲ್ಲದ ಅಷ್ಟೇ ಉದ್ದದ ಸಾಮಗ್ರಿಗೆ ಅದರ ಹತ್ತು ಪಟ್ಟು ಶ್ರಮ ಬೇಕು ಎಂಬುದು ಅವನ ಲೆಕ್ಕ. ಪ್ರಾಸ, ಲಯ, ಅರ್ಥ, ಹಿಂದೆ ಎಲ್ಲೋ ಕೇಳಿದ ಮಾತಿನ ನೆಂಟಸ್ತಿಕೆ, ಇವೆಲ್ಲ ನೆನಪಿಗೆ ಹೆಗಲು ಕೊಡುತ್ತವೆ. ಆದರೆ ಯಾವುದು ಎಷ್ಟು ಹೆಗಲು ಕೊಟ್ಟಿತು ಎಂದು ಹೇಳಲಾಗದು. ಹೋಲಿಸಿ ನೋಡಬೇಕಾದರೆ ಎಲ್ಲ ಸರಣಿಗಳೂ ಹೆಚ್ಚುಕಡಿಮೆ ಒಂದೇ ಮಟ್ಟದ ಕಷ್ಟವಾಗಿರಬೇಕು. ಅದಕ್ಕೇ ಈ ಬರಡು ತುಣುಕುಗಳು. ಹೀಗೆ ಆರಿಸಿದ ಮೇಲೂ ಒಂದು ಸರಣಿ ಸುಲಭ, ಮತ್ತೊಂದು ಕಠಿಣ ಆಗುತ್ತಲೇ ಇತ್ತು. ಅದನ್ನೂ ಅವನು ಮುಚ್ಚಿಡುವುದಿಲ್ಲ.

ಈಗ ದಿನಗಳನ್ನು ದಾಟಿ ಮುಂದೆ ಬನ್ನಿ. ಒಂದು ತಿಂಗಳ ಹಿಂದೆ ಕಲಿತ ಎಂಟು ಸರಣಿಗಳ ಹಾಳೆಯನ್ನು ಅವನು ಮತ್ತೆ ತೆಗೆದಿದ್ದಾನೆ. ಒಂದು ತುಣುಕೂ ನೆನಪಿಲ್ಲ. ನೀವೇ ಆ ಕುರ್ಚಿಯಲ್ಲಿ ಕೂತು ಆ ಸಾಲನ್ನು ನೋಡಿದ್ದರೂ ಇದನ್ನು ನಾನು ಎಂದೂ ಕಂಡಿಲ್ಲ ಎಂದೇ ಆಣೆಯಿಟ್ಟು ಹೇಳುತ್ತಿದ್ದಿರಿ. ಗಡಿಯಾರ ಶುರುವಾಯಿತು, ಓದು ಶುರುವಾಯಿತು. ಎಂಟೂ ಸರಣಿ ಮುಗಿದಾಗ ಹೊತ್ತು ನೋಡುತ್ತಾನೆ. ಮೊದಲ ಸಲಕ್ಕಿಂತ ಬೇಗ ಮುಗಿದಿದೆ. ಮರೆತೇಹೋಯಿತು ಎಂದುಕೊಂಡದ್ದು ಒಳಗೆಲ್ಲೋ ಕೂತು ಕೆಲಸ ಮಾಡಿದೆ.

ಇದನ್ನು ಅವನು ಉಳಿತಾಯ ಎಂದು ಲೆಕ್ಕ ಹಾಕುತ್ತಾನೆ. ನೆನಪಿದೆಯೇ, ಇಲ್ಲವೇ ಎಂದು ಮನಸ್ಸನ್ನು ಕೇಳುವುದಿಲ್ಲ, ಏಕೆಂದರೆ ಮನಸ್ಸು ಇಲ್ಲ ಎನ್ನುತ್ತದೆ. ಎಷ್ಟು ಹೊತ್ತು ಉಳಿಯಿತು ಎಂದು ಗಡಿಯಾರವನ್ನು ಕೇಳುತ್ತಾನೆ. ನನಗೆ ಕೇಳಿದರೆ ಇಡೀ ಸಂಶೋಧನೆಯ ಜೀವಾಳ ಈ ಒಂದು ಉಪಾಯದಲ್ಲಿದೆ. ನೆನಪನ್ನು ಇದೆ ಅಥವಾ ಇಲ್ಲ ಎಂಬ ಎರಡೇ ಗೂಡುಗಳಿಗೆ ತುಂಬುತ್ತಿದ್ದವರ ನಡುವೆ, ಇದ್ದೂ ಕಾಣದ ನೆನಪಿಗೂ ಒಂದು ಅಳತೆಗೋಲು ಸಿಕ್ಕಿತು.

ಆ ವರ್ಷವೇ ಒಂದು ಹಸ್ತಪ್ರತಿ ಸಿದ್ಧವಾಗುತ್ತದೆ. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಅರ್ಹತೆಗಾಗಿ ಸಲ್ಲಿಸಬೇಕಾದ ಬರಹ ಅದು. ಓದಿ ಅಭಿಪ್ರಾಯ ಹೇಳಿದವರಲ್ಲಿ ಭೌತವಿಜ್ಞಾನಿ ಹೆರ್ಮಾನ್ ಹೆಲ್ಮ್‌ಹೋಲ್ಟ್ಸ್ ಕೂಡ ಇದ್ದ. ವಿಧಾನವನ್ನು ಆತ ಮೆಚ್ಚಿದ. ಫಲಿತಾಂಶಗಳು ಮಾತ್ರ ಅಷ್ಟೇನೂ ಎದ್ದು ಕಾಣುವಂಥವಲ್ಲ ಎಂದ. ಅರ್ಹತೆ ಸಿಕ್ಕಿತು. ಎಬ್ಬಿಂಗ್‌ಹೌಸ್ ಆ ಹಸ್ತಪ್ರತಿಯನ್ನು ಅಚ್ಚಿಗೆ ಕೊಡಬಹುದಿತ್ತು. ಕೊಡಲಿಲ್ಲ. ಅದು ಹಾಗೆಯೇ ಉಳಿದು, ಒಂದು ಶತಮಾನ ಕಳೆದ ಮೇಲೆ 1983ರಲ್ಲಿ ಪಾಸಾವ್ ನಗರದಲ್ಲಿ ಅಚ್ಚಾಯಿತು.

1883ರಲ್ಲಿ ಅವನು ಮತ್ತೆ ಗಡಿಯಾರದ ಮುಂದೆ ಕೂತ. ಮೂರು ವರ್ಷ ಹಿಂದೆ ಬಂದ ಅಂಕಿಗಳು ಈಗಲೂ ನಿಲ್ಲುತ್ತವೆಯೇ ಎಂದು ನೋಡಬೇಕು, ಕೇಳದೆ ಬಿಟ್ಟ ಪ್ರಶ್ನೆಗಳನ್ನು ಕೇಳಬೇಕು. ಈ ಸಲ ಹದಿನಾರು ತುಣುಕುಗಳ ಸರಣಿ. ಕೆಲವು ಪರೀಕ್ಷೆಗಳಲ್ಲಿ ಒಂದೇ ಸರಣಿಯನ್ನು ಅರುವತ್ತನಾಲ್ಕು ಸಲ ಓದುತ್ತಾನೆ. ಓದಿನ ಲೆಕ್ಕ ತಪ್ಪಬಾರದು, ಲೆಕ್ಕ ಇಡುವುದರಲ್ಲಿ ಗಮನವೂ ಹೋಗಬಾರದು. ಅದಕ್ಕೆ ದಾರದಲ್ಲಿ ಪೋಣಿಸಿದ ಮರದ ಸಣ್ಣ ಗುಂಡಿಗಳು. ಒಂದು ಓದು ಮುಗಿದರೆ ಒಂದು ಗುಂಡಿ ಸರಿಯುತ್ತದೆ. ಜಪಮಾಲೆ ಹಿಡಿದು ಕೂತ ಅಜ್ಜಿಯ ಬೆರಳುಗಳು ನಮಗೆ ನೆನಪಾದರೆ ಆಶ್ಚರ್ಯವಿಲ್ಲ. ಇಂದು ಹೆಚ್ಚಿಗೆ ಓದಿದ ಮೂರು ಸಲಕ್ಕೆ ನಾಳೆ ಸುಮಾರು ಒಂದು ಓದಿನಷ್ಟು ಉಳಿಯುತ್ತದೆ ಎಂದು ಗುಂಡಿಗಳು ಹೇಳಿದವು.

ಈ ಪರೀಕ್ಷೆಗಳ ಕಾಲದಲ್ಲಿ ಅವನ ದಿನಚರಿಯೂ ಪ್ರಯೋಗದ ಭಾಗವೇ. ಬದುಕಿನಲ್ಲಿ ದೊಡ್ಡ ಏರುಪೇರು ಆಗದಂತೆ ನೋಡಿಕೊಳ್ಳುತ್ತಾನೆ. ಮೈಗೋ ಮನಸ್ಸಿಗೋ ಆಯಾಸವಾದರೆ ಪರೀಕ್ಷೆ ನಿಲ್ಲುತ್ತದೆ. 1880ರ ಪರೀಕ್ಷೆಗಳಲ್ಲಿ ಕೂರುವ ವೇಳೆಗಳು ಗೊತ್ತಾದವು: ಬೆಳಗ್ಗೆ ಹತ್ತರಿಂದ ಹನ್ನೊಂದು, ಹನ್ನೊಂದರಿಂದ ಹನ್ನೆರಡು, ಇಲ್ಲವೇ ಸಂಜೆ ಆರರಿಂದ ಎಂಟು.

ಈಗ ಕಲಿಕೆ ಮುಗಿದಿದೆ. ಮೇಜಿನ ಮೇಲೆ ಚೀಟಿಗಳಿಲ್ಲ, ಅಂಕಿಗಳ ಹಾಳೆಗಳಿವೆ, ಮಸಿ ಇದೆ, ಲಾಗರಿದಮ್ ಕೋಷ್ಟಕಗಳಿವೆ. ಪುಸ್ತಕ ಬರೆಯಬೇಕು. ಅವನ ನಿಜವಾದ ಕಷ್ಟವೂ ನಿಜವಾದ ಸಾಹಸವೂ ಇಲ್ಲಿಂದ ಶುರುವಾಗುತ್ತವೆ ಎಂದು ನಾನು ಬಲವಾಗಿ ನಂಬುತ್ತೇನೆ. ಇಂಥ ಪುಸ್ತಕವನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಮುಂದೆ ಮಾದರಿಯೇ ಇಲ್ಲ. ತತ್ತ್ವಶಾಸ್ತ್ರದವರು ನೆನಪಿನ ಬಗ್ಗೆ ಸಾವಿರಾರು ವರ್ಷ ಬರೆದಿದ್ದಾರೆ, ಒಂದೇ ಒಂದು ಕೋಷ್ಟಕವಿಲ್ಲದೆ. ಭೌತಶಾಸ್ತ್ರದವರು ಕೋಷ್ಟಕ ಬರೆಯಬಲ್ಲರು, ಆದರೆ ಅವರು ಅಳೆದದ್ದು ಶಾಖವನ್ನು, ವಿದ್ಯುತ್ತನ್ನು. ಎರಡೂ ಕಡೆಯವರು ಓದಿ ಒಪ್ಪಬೇಕಾದ ಬರಹ ಇದು.

ಅವನ ಹೆಗಲ ಮೇಲಿಂದ ಬಗ್ಗಿ ನೋಡಿ. ಒಂದು ಪರೀಕ್ಷೆಯ ಲೆಕ್ಕ ನಡೆಯುತ್ತಿದೆ. ಮೊದಲ ಕಲಿಕೆಗೆ ಹಿಡಿದ ಹೊತ್ತಿನಲ್ಲಿ ಮರುಕಲಿಕೆಯ ಹೊತ್ತನ್ನು ಕಳೆದು, ಬಂದ ಉಳಿತಾಯವನ್ನು ಮೊದಲ ಹೊತ್ತಿಗೆ ಶೇಕಡಾ ಎಷ್ಟು ಎಂದು ಹೇಳಿಬಿಟ್ಟರೆ ಮುಗಿಯಲಿಲ್ಲವೇ? ಇಲ್ಲ. ಲೇಖನಿ ಅಲ್ಲಿ ನಿಲ್ಲುತ್ತದೆ. ಎಲ್ಲ ಸರಣಿಗಳೂ ಮೊದಲೇ ಬಾಯಿಗೆ ಬಂದಿದ್ದರೂ ಅವನ್ನು ಎರಡೆರಡು ಸಲ ಒಪ್ಪಿಸಲು ಹೊತ್ತು ಬೇಕಲ್ಲ. ಹದಿಮೂರು ತುಣುಕು, ಎಂಟು ಸರಣಿ, ಎರಡು ಸಲ, ಒಂದೊಂದಕ್ಕೆ ಸೆಕೆಂಡಿನ ಐದನೇ ಎರಡು ಭಾಗ: ಎಲ್ಲ ಸೇರಿ ಸುಮಾರು 85 ಸೆಕೆಂಡು. ಅದು ಕಲಿಕೆಯ ಹೊತ್ತಲ್ಲ, ಉಳಿಸಲು ಸಾಧ್ಯವೂ ಇಲ್ಲ. ಆದ್ದರಿಂದ ಭಾಗಿಸುವ ಮುಂಚೆ ಮೊದಲ ಹೊತ್ತಿನಿಂದ 85 ಕಳೆಯಬೇಕು. ಉದಾಹರಣೆಗೆ ಮೊದಲ ಸಲ 1,085 ಸೆಕೆಂಡು, ಎರಡನೆಯ ಸಲ 685 ಎಂದಿಟ್ಟುಕೊಳ್ಳಿ. ಉಳಿದದ್ದು 400, ಕಲಿಕೆಯ ನಿಜವಾದ ಹೊತ್ತು 1,000, ಉಳಿತಾಯ ಶೇಕಡಾ 40. ಯಾರೂ ಕೇಳದ ಪ್ರಶ್ನೆಗೆ ತಾನೇ ಮುಂದಾಗಿ ಕೊಟ್ಟ ಉತ್ತರ ಇದು.

ಇನ್ನೊಂದು ತೊಡಕು. ಸಂಜೆ ಆರರ ಮೇಲೆ ಅವನ ತಲೆ ಬೆಳಗಿನಷ್ಟು ಚುರುಕಾಗಿ ಓಡುವುದಿಲ್ಲ, ಅದೇ ಉದ್ದದ ಸರಣಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಳಗ್ಗೆ ಕಲಿತದ್ದನ್ನು ಸಂಜೆ ಮರುಕಲಿತರೆ ಆಯಾಸವೇ ಮರೆವಿನ ವೇಷ ಹಾಕಿಕೊಂಡು ಕೋಷ್ಟಕದೊಳಗೆ ನುಗ್ಗುತ್ತದೆ. ಅಂಥ ಸಾಲುಗಳಿಗೆ ತಿದ್ದುಪಡಿ ಬೇಕು. ತಿದ್ದುಪಡಿ ಎಷ್ಟು ಎಂದು ತಿಳಿಯಲು ಬೇರೆ ಪರೀಕ್ಷೆಗಳು ಬೇಕು. ಅವನ್ನೂ ಮಾಡಿದ್ದಾನೆ, ತಿದ್ದಿದ್ದೇನೆ ಎಂದು ಬರೆಯುತ್ತಾನೆ, ಎಷ್ಟು ಎಂದೂ ಬರೆಯುತ್ತಾನೆ.

ಸರಾಸರಿಗಳ ಪಕ್ಕದಲ್ಲಿ ಇನ್ನೊಂದು ಅಂಕಿ ಇದೆ, ನೋಡಿದಿರಾ? ಅದು ಸಂಭಾವ್ಯ ದೋಷ. ಸರಾಸರಿಯ ಎರಡೂ ಬದಿಗೆ ಎಷ್ಟು ದೂರ ಹೋದರೆ ಅರ್ಧದಷ್ಟು ಅಳತೆಗಳು ಒಳಗೆ ಬೀಳುತ್ತವೆ ಎಂದು ಅದು ಹೇಳುತ್ತದೆ. ಖಗೋಳಶಾಸ್ತ್ರದವರು ನಕ್ಷತ್ರಗಳ ಸ್ಥಾನ ಅಳೆಯುವಾಗ ಬಳಸಿದ ಲೆಕ್ಕ ಅದು. ಅಳತೆಯ ತಪ್ಪುಗಳು ಗಣಿತಜ್ಞ ಗೌಸ್ ಹೇಳಿದ ನಿಯಮದಂತೆ ಹರಡಿದರೆ ಮಾತ್ರ ಸರಾಸರಿಗೆ ಅರ್ಥ. ಹಾಗಾದರೆ ಬಾಯಿಪಾಠದ ಹೊತ್ತುಗಳೂ ಹಾಗೆಯೇ ಹರಡುತ್ತವೆಯೇ? ಅದನ್ನು ಊಹಿಸಿಕೊಂಡು ಮುಂದೆ ಹೋಗುವುದಿಲ್ಲ ಆತ. ತನ್ನ ಅಂಕಿಗಳನ್ನು ಒಂದೊಂದಾಗಿ ಎಣಿಸಿ, ನಿಯಮ ಹೇಳುವ ಎಣಿಕೆಯ ಪಕ್ಕದಲ್ಲಿಟ್ಟು ತೋರಿಸುತ್ತಾನೆ. ಶಾಖದ ಬಗ್ಗೆ ಜೂಲ್ ಮಾಡಿದಂಥ ಭೌತಶಾಸ್ತ್ರದ ಅಳತೆಗಳ ನಿಖರತೆಗೂ ತನ್ನ ಅಳತೆಗಳ ನಿಖರತೆಗೂ ಹೋಲಿಕೆ ಮಾಡುತ್ತಾನೆ. ಮನಸ್ಸನ್ನು ಅಳೆಯಲಾಗದು ಎನ್ನುವವರ ಎದುರು ಅವನು ವಾದಕ್ಕೆ ನಿಲ್ಲುವುದಿಲ್ಲ, ತಪ್ಪಿನ ಪ್ರಮಾಣ ಎಷ್ಟು ಎಂದು ಅಳೆದು ಮುಂದಿಡುತ್ತಾನೆ.

ಆಮೇಲೆ ಬರುವ ಪುಟಗಳನ್ನು ಓದುವಾಗ ನನಗೆ ಈ ಮನುಷ್ಯನ ಮೇಲೆ ಅಪಾರ ಪ್ರೀತಿ ಹುಟ್ಟುತ್ತದೆ. ಪ್ರಯೋಗ ಮಾಡುವವನೂ ಪ್ರಯೋಗಕ್ಕೆ ಒಳಗಾಗುವವನೂ ಒಬ್ಬನೇ ಆದಾಗ ಏನಾಗಬಹುದು ಎಂದು ಅವನು ವಿಚಾರಿಸುತ್ತಾನೆ. ಅಂಕಿಗಳು ಬರುಬರುತ್ತಾ, ಮುಂದೆ ಹೀಗೇ ಬರಬಹುದು ಎಂಬ ನಿರೀಕ್ಷೆ ತಾನಾಗಿ ಮೂಡುತ್ತದೆ. ಮೂಡಬಾರದು ಎಂದುಕೊಂಡರೆ ನಿಲ್ಲುವಂಥದ್ದಲ್ಲ ಅದು. ಆ ಗುಟ್ಟಿನ ನಿರೀಕ್ಷೆ ಓದಿನ ಹುರುಪನ್ನು ಒಂದಿಷ್ಟು ಏರಿಸಬಹುದು, ಇಳಿಸಬಹುದು. ಇದನ್ನು ಪುಸ್ತಕದ ಒಳಗೇ, ವಿಧಾನ ಹೇಳುವ ಜಾಗದಲ್ಲೇ, ಒಂದು ಪ್ರತ್ಯೇಕ ವಿಭಾಗ ಮಾಡಿ ಚರ್ಚಿಸುತ್ತಾನೆ. ಇಂದಿನ ಪ್ರಯೋಗಗಳಲ್ಲಿ ಯಾರು ಯಾವ ಗುಂಪು ಎಂದು ಅಳೆಯುವವರಿಗೂ ತಿಳಿಯದಂತೆ ಮಾಡುತ್ತಾರಲ್ಲ, ಅಂಥದೇ ಎಚ್ಚರ ಈ ಪುಟಗಳಲ್ಲಿದೆ. ಈ ಪರೀಕ್ಷೆಗಳೆಲ್ಲ ತನ್ನೊಬ್ಬನ ಮೇಲೆ ಆದವು, ಮೊದಲಿಗೆ ತನ್ನೊಬ್ಬನ ಬಗ್ಗೆಯೇ ಹೇಳುತ್ತವೆ ಎಂಬುದನ್ನೂ ಸ್ಪಷ್ಟವಾಗಿ ಬರೆದಿದ್ದಾನೆ.

ಏಳನೆಯ ಅಧ್ಯಾಯಕ್ಕೆ ಬಂದೆವು. ಕಾಲ ಕಳೆದಂತೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆ. 1879-80ರಲ್ಲಿ ಮಾಡಿದ 163 ಜೋಡಿ ಪರೀಕ್ಷೆಗಳು, ಅಂದರೆ ಸಾವಿರಕ್ಕೂ ಹೆಚ್ಚು ಸರಣಿಗಳನ್ನು ಕಲಿತು ಮತ್ತೆ ಕಲಿತದ್ದು, ಏಳು ಸಾಲುಗಳಿಗೆ ಇಳಿಯುತ್ತಿವೆ. 19 ನಿಮಿಷದ ನಂತರ ಉಳಿತಾಯ ಶೇ. 58.2. ಒಂದು ಗಂಟೆ ದಾಟಿದ ಮೇಲೆ 44.2. ಸುಮಾರು ಒಂಬತ್ತು ಗಂಟೆಗೆ 35.8. ಒಂದು ದಿನಕ್ಕೆ 33.7. ಎರಡು ದಿನಕ್ಕೆ 27.8. ಆರು ದಿನಕ್ಕೆ 25.4. ಮೂವತ್ತೊಂದು ದಿನಕ್ಕೆ 21.1.

ಮೇಲಿನಿಂದ ಕೆಳಕ್ಕೆ ಕಣ್ಣು ಇಳಿಸಿ. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಕೈಬಿಟ್ಟುಹೋಯಿತು. ಆಮೇಲೆ ಇಳಿತ ನಿಧಾನವಾಯಿತು. ಆರನೆಯ ದಿನಕ್ಕೂ ಮೂವತ್ತೊಂದನೆಯ ದಿನಕ್ಕೂ ನಡುವೆ ಕಳೆದುಹೋದದ್ದು ಐದಕ್ಕಿಂತ ಕಡಿಮೆ. ಒಂದು ವಾರದಲ್ಲಿ ಕಲಿತದ್ದರ ಶೇಕಡಾ 90 ಮರೆತುಹೋಗುತ್ತದೆ ಎಂದು ಎಬ್ಬಿಂಗ್‌ಹೌಸ್ ಹೆಸರಿನಲ್ಲಿ ಹೇಳುವುದನ್ನು ನೀವು ತರಬೇತಿ ಶಿಬಿರಗಳಲ್ಲಿ ಕೇಳಿರಬಹುದು. ಈ ಮೇಜಿನ ಮೇಲಿನ ಕೋಷ್ಟಕದಲ್ಲಿ ಅಂಥ ಅಂಕಿ ಇಲ್ಲ. ಇಲ್ಲಿರುವುದು ನೆನಪಿನಲ್ಲಿ ಉಳಿದ ತುಣುಕುಗಳ ಎಣಿಕೆಯೂ ಅಲ್ಲ, ಮತ್ತೆ ಕಲಿಯುವಾಗ ಉಳಿದ ಹೊತ್ತು. ಅವನು ಅಷ್ಟು ಬಿಗಿಯಾಗಿ ಹೇಳಿದ್ದನ್ನು ನಾವು ಇಷ್ಟು ಸಡಿಲವಾಗಿ ಬಳಸುವುದು ನನಗೆ ನೋವಿನ ಸಂಗತಿ.

ಈಗ ಅವನ ಲೇಖನಿ ಒಂದು ಸಾಲಿನ ಮೇಲೆ ಬಂದು ನಿಂತಿದೆ. ನಾಲ್ಕನೆಯ ಸಾಲು, 33.7.

ಅವನ ಜೊತೆ ನೀವೂ ಲೆಕ್ಕ ಹಾಕಿ. ಒಂಬತ್ತು ಗಂಟೆಯಿಂದ ಒಂದು ದಿನದವರೆಗೆ ಕಳೆದದ್ದು ಹದಿನೈದು ಗಂಟೆ. ಆ ಹದಿನೈದು ಗಂಟೆಯಲ್ಲಿ ಇಳಿದದ್ದು ಬರೀ 2.1. ಮುಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಇಳಿದದ್ದು ಸುಮಾರು 6. ಉಳಿದ ಎಲ್ಲ ಕಡೆ ಕಾಲ ಕಳೆದಂತೆ ಇಳಿತ ನಿಧಾನವಾಗುತ್ತಿದೆ, ಇಲ್ಲಿ ಮಾತ್ರ ನಿಧಾನವಾದದ್ದು ಮತ್ತೆ ವೇಗ ಪಡೆದಿದೆ. ಹೀಗಾಗುವುದು ನಂಬುವ ಮಾತಲ್ಲ ಎಂದು ಅವನಿಗೆ ಅನಿಸುತ್ತದೆ. ಒಂದು ಸಾಧ್ಯತೆ ಅವನ ತಲೆಗೆ ಹೊಳೆಯುತ್ತದೆ: ಆ ಹದಿನೈದು ಗಂಟೆಯ ಹೆಚ್ಚಿನ ಪಾಲು ರಾತ್ರಿ, ನಿದ್ದೆ. ನಿದ್ದೆ ಮರೆವನ್ನು ತಡೆಯುತ್ತಿರಬಹುದೇ? ತೂಗಿ ನೋಡುತ್ತಾನೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಇಷ್ಟು ವ್ಯತ್ಯಾಸಕ್ಕೆ ಸಮಾಧಾನ ಸಿಗುವುದಿಲ್ಲ ಎಂದುಕೊಳ್ಳುತ್ತಾನೆ. ಈ ಮೂರು ಅಂಕಿಗಳಲ್ಲಿ ಒಂದು ಆಕಸ್ಮಿಕ ಕಾರಣದಿಂದ ಕೆಟ್ಟಿರಬೇಕು. 33.7 ತುಸು ಹೆಚ್ಚಾಗಿದೆ, ಇನ್ನಷ್ಟು ಎಚ್ಚರದಿಂದ ಮಾಡಿದ್ದರೆ ಒಂದೆರಡು ಕಡಿಮೆ ಬರುತ್ತಿತ್ತು ಎಂದು ಹೇಳಿಬಿಟ್ಟರೆ ಎಲ್ಲವೂ ಹೊಂದುತ್ತದೆ. ಆದರೆ ಬೇರೆ ಪರೀಕ್ಷೆಗಳಲ್ಲಿ ಬಂದ ಅಂಕಿಗಳು 33.7ರ ಪರವಾಗಿಯೇ ನಿಂತಿವೆ. ಆದ್ದರಿಂದ ತನಗೆ ಅನುಮಾನವಿದೆ ಎಂದು ಬರೆಯುತ್ತಾನೆ.

ನೋಡಿ, ಕೋಣೆಯಲ್ಲಿ ಬೇರೆ ಯಾರಿಲ್ಲ. ಆ ಪರೀಕ್ಷೆಗಳನ್ನು ಕಂಡವರು ಇನ್ನೊಬ್ಬರಿಲ್ಲ. ಒಂದು ದಿನದ ಅಂತರಕ್ಕೆ ಮಾಡಿದ 26 ಪರೀಕ್ಷೆಗಳಲ್ಲಿ ಒಂದೆರಡನ್ನು ಅಂದು ತಲೆನೋವಿತ್ತು, ಅಂದು ಗದ್ದಲವಿತ್ತು ಎಂದು ಬದಿಗಿಟ್ಟರೆ ಅಂಕಿ ಇಳಿಯುತ್ತದೆ, ಸಾಲು ನೇರವಾಗುತ್ತದೆ, ಹೆಲ್ಮ್‌ಹೋಲ್ಟ್ಸ್‌ನಂಥವರಿಗೂ ಕಣ್ಣಿಗೆ ಹಿತವಾಗುತ್ತದೆ. ಅವನು 33.7 ಎಂದೇ ಬರೆಯುತ್ತಾನೆ. ತನ್ನ ಅನುಮಾನವನ್ನು ಕೆಳಗೆ ಬರೆಯುತ್ತಾನೆ. ಅಂಕಿಯನ್ನು ಅನುಮಾನಕ್ಕೆ ತಕ್ಕಂತೆ ಬಾಗಿಸುವುದಿಲ್ಲ.

ಒಂದು ಕ್ಷಣ ನಮ್ಮ ನಾಡಿಗೆ ಬನ್ನಿ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ ಆರಂಭಿಸಿದರು. ಆ ಕಾಲದಿಂದ ಈವರೆಗೆ ನಮ್ಮ ಕಾಲೇಜುಗಳಲ್ಲಿ ಮನಃಶಾಸ್ತ್ರ ಓದಿದ ಹೆಚ್ಚಿನವರು ಅರ್ಥವಿಲ್ಲದ ತುಣುಕುಗಳ ಈ ಪ್ರಯೋಗವನ್ನು ಒಂದಲ್ಲ ಒಂದು ರೂಪದಲ್ಲಿ ಮಾಡಿಯೇ ಇರುತ್ತಾರೆ. ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ, ಚರ್ಚೆ ಎಂದು ರೆಕಾರ್ಡು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡಿರುತ್ತಾರೆ. ಪಠ್ಯದಲ್ಲಿರುವ ರೇಖೆಗೆ ಹೊಂದದ ಅಂಕಿ ಬಂದಾಗ ಆ ವಯಸ್ಸಿನಲ್ಲಿ ಎದೆ ಹೇಗೆ ಡವಗುಟ್ಟುತ್ತದೆ ಎಂದು ರೆಕಾರ್ಡು ಬರೆದವರಿಗೆ ಗೊತ್ತು. ಪಠ್ಯಪುಸ್ತಕಗಳು ರೇಖೆಯನ್ನು ನುಣುಪಾಗಿ ಬರೆದು ಬಿಟ್ಟುಬಿಡುತ್ತವೆ. ರೇಖೆಯ ಮೂಲದಲ್ಲಿಯೇ ಹೊಂದದ ಒಂದು ಬಿಂದು ಇತ್ತು, ಅದನ್ನು ಅಳೆದವನು ಅಳಿಸಲಿಲ್ಲ ಎಂದು ಪಕ್ಕದಲ್ಲಿ ಎರಡು ಸಾಲು ಬರೆದರೆ ಎಷ್ಟು ಮಕ್ಕಳಿಗೆ ಧೈರ್ಯ ಬಂದೀತು!

ಮತ್ತೆ ಮೇಜಿಗೆ ಬನ್ನಿ. ಏಳು ಅಂಕಿಗಳನ್ನು ಒಂದೇ ಸೂತ್ರಕ್ಕೆ ತರಲು ಅವನು ಲಾಗರಿದಮ್ ಕೋಷ್ಟಕಗಳ ಪುಟ ತಿರುವುತ್ತಿದ್ದಾನೆ. ಕಾಲವನ್ನು ಕಲಿಕೆ ಮುಗಿಯುವುದಕ್ಕೆ ಒಂದು ನಿಮಿಷ ಮುಂಚಿನಿಂದ ನಿಮಿಷಗಳಲ್ಲಿ ಎಣಿಸಿ, ಅದರ ಲಾಗರಿದಮ್ಮನ್ನು 1.25ರ ಘಾತಕ್ಕೇರಿಸಿ, ಅದಕ್ಕೆ 1.84 ಕೂಡಿ, ಬಂದ ಮೊತ್ತದಿಂದ 184ನ್ನು ಭಾಗಿಸಿದರೆ ಉಳಿತಾಯದ ಶೇಕಡಾ ಪ್ರಮಾಣ. ಹತ್ತೊಂಬತ್ತು ನಿಮಿಷಕ್ಕೆ ಸೂತ್ರ ಹೇಳುವುದು 57.0, ಅಳತೆ 58.2. ಎರಡು ದಿನಕ್ಕೆ ಸೂತ್ರ 28.1, ಅಳತೆ 27.8. ಮೂವತ್ತೊಂದು ದಿನಕ್ಕೆ 21.2, ಅಳತೆ 21.1. ಬೆರಗಾಗುವಷ್ಟು ಹತ್ತಿರ. ಒಂದು ದಿನಕ್ಕೆ ಬಂದಾಗ ಮಾತ್ರ ಸೂತ್ರ 30.4 ಎನ್ನುತ್ತದೆ, ಅಳತೆ 33.7ರಲ್ಲಿ ಅಲ್ಲಾಡದೆ ನಿಂತಿದೆ. ಏಳರಲ್ಲಿ ಅತಿ ದೊಡ್ಡ ಅಂತರ ಅದೇ. ಆ ಅಂತರವನ್ನೂ ಕೋಷ್ಟಕದಲ್ಲಿ ಅಚ್ಚು ಹಾಕಿಸುತ್ತಾನೆ. ಈ ಸೂತ್ರ ನಿಸರ್ಗದ ನಿಯಮವಲ್ಲ, ತನ್ನ ಮೇಲೆ ಒಮ್ಮೆ ಬಂದ ಫಲಿತಾಂಶಗಳನ್ನು ಅಡಕವಾಗಿ ಹೇಳುವ ಕ್ರಮ ಅಷ್ಟೇ ಎಂದು ಎಚ್ಚರಿಕೆಯನ್ನೂ ಸೇರಿಸುತ್ತಾನೆ.

1885ರಲ್ಲಿ ಡುಂಕರ್ ಮತ್ತು ಹುಂಬ್ಲೋಟ್ ಪ್ರಕಾಶನದಿಂದ ಲೈಪ್ಸಿಗ್‌ನಲ್ಲಿ ಪುಸ್ತಕ ಹೊರಬಂತು. ನೆನಪಿನ ಕುರಿತು ಎಂಬಷ್ಟೇ ಸರಳ ಹೆಸರು, ಒಂಬತ್ತು ಅಧ್ಯಾಯಗಳು. ಅದೇ ವರ್ಷ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅಮೆರಿಕದ ಸೈನ್ಸ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ. 1913ರಲ್ಲಿ ಇಂಗ್ಲಿಷ್ ಅನುವಾದ ಬಂತು. ಎಬ್ಬಿಂಗ್‌ಹೌಸ್ ಅದನ್ನು ನೋಡಲಿಲ್ಲ, 1909ರಲ್ಲೇ ತೀರಿಕೊಂಡಿದ್ದ.

ನಾವು ಅವನನ್ನು ಬಿಟ್ಟು ಆ ನಾಲ್ಕನೆಯ ಸಾಲಿನ ಬೆನ್ನು ಹಿಡಿದು ಹೋಗೋಣ. 1924, ಕಾರ್ನೆಲ್ ವಿಶ್ವವಿದ್ಯಾಲಯ. ಪ್ರಯೋಗಾಲಯದ ಪಕ್ಕದಲ್ಲೇ ಹಾಸಿಗೆ ಹಾಕಿದೆ. ಇಬ್ಬರು ವಿದ್ಯಾರ್ಥಿಗಳು ಅರ್ಥವಿಲ್ಲದ ತುಣುಕುಗಳ ಸರಣಿಗಳನ್ನು ಬಾಯಿಪಾಠ ಮಾಡುತ್ತಾರೆ. ಕೆಲವು ಸರಣಿಗಳನ್ನು ಬೆಳಗ್ಗೆ ಕಲಿತು ದಿನದ ಕೆಲಸಕ್ಕೆ ಹೋಗುತ್ತಾರೆ, ಕೆಲವನ್ನು ರಾತ್ರಿ ಕಲಿತು ಮಲಗುತ್ತಾರೆ. ಒಂದು, ಎರಡು, ನಾಲ್ಕು, ಎಂಟು ಗಂಟೆಗಳ ನಂತರ ಪರೀಕ್ಷೆ. ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಕೇಳುತ್ತಾರೆ. ಮಲಗಿ ಎದ್ದಾಗ ಉಳಿದದ್ದು ಎಚ್ಚರವಿದ್ದಾಗ ಉಳಿದದ್ದಕ್ಕಿಂತ ಸ್ಪಷ್ಟವಾಗಿ ಹೆಚ್ಚು. ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಬರೆದ ಈ ವರದಿ ನಿದ್ದೆ ಮತ್ತು ನೆನಪಿನ ಸಂಶೋಧನೆಯ ಒಂದು ದೊಡ್ಡ ಬಾಗಿಲನ್ನು ತೆರೆಯಿತು. ಎಬ್ಬಿಂಗ್‌ಹೌಸ್ ತೂಗಿ ಸಾಲದು ಎಂದು ಬದಿಗಿಟ್ಟ ಕಾರಣಕ್ಕೆ ಅಲ್ಲಿ ಜೀವ ಬಂತು.

ಇನ್ನೂ ಮುಂದೆ ಬನ್ನಿ, ಆಮ್‌ಸ್ಟರ್‌ಡಾಂಗೆ. ಯಾಪ್ ಮುರೆ ಮತ್ತು ಯೂರಿ ದ್ರೋಸ್ ಎಂಬಿಬ್ಬರು ಎಬ್ಬಿಂಗ್‌ಹೌಸ್‌ನ ಏಳನೆಯ ಅಧ್ಯಾಯವನ್ನು ಅಕ್ಷರಶಃ ಮತ್ತೆ ಮಾಡಿ ನೋಡಲು ಹೊರಟಿದ್ದಾರೆ. ಇಪ್ಪತ್ತೆರಡು ವರ್ಷದ ದ್ರೋಸ್ ತಾನೇ ಕಲಿಯುವವನು. ಹದಿಮೂರು ತುಣುಕು, ನಿಮಿಷಕ್ಕೆ 150ರ ಲಯ, ಅವೇ ಅಂತರಗಳು. ತುಣುಕುಗಳು ಮಾತ್ರ ಡಚ್ ನುಡಿಗೆ ಹೊಂದಿಸಿದವು. ಸುಮಾರು ಎಪ್ಪತ್ತು ಗಂಟೆಗಳ ಬಾಯಿಪಾಠ. ಇದು ಸಾಧ್ಯವಾದದ್ದು ಏಕೆ ಎಂದು ಯೋಚಿಸಿ. ಓದುವ ವೇಗ, ಬಿಡುವಿನ ಸೆಕೆಂಡುಗಳು, ತಡವರಿಸಿದಾಗ ಏನು ಮಾಡಬೇಕು, 85 ಸೆಕೆಂಡು ಏಕೆ ಕಳೆಯಬೇಕು, ಎಲ್ಲವನ್ನೂ ಒಬ್ಬ ಮನುಷ್ಯ ಬೇರೆಯವರು ಮಾಡಿ ನೋಡಬಹುದಾದಷ್ಟು ಬಿಡಿಸಿ ಬರೆದಿಟ್ಟಿದ್ದ. ಶತಮಾನಕ್ಕೂ ಹೆಚ್ಚು ಕಾಲ ಕಳೆದರೂ ಆ ಬರಹವನ್ನು ಮುಂದಿಟ್ಟುಕೊಂಡು ಪ್ರಯೋಗ ನಡೆಸಬಹುದಿತ್ತು.

2015ರಲ್ಲಿ ಪ್ಲಾಸ್ ವನ್ ಪತ್ರಿಕೆಯಲ್ಲಿ ಅವರ ಫಲಿತಾಂಶ ಬಂತು. ಮರೆವಿನ ರೇಖೆ ಮೂಲದ ರೇಖೆಯನ್ನೇ ಹೋಲುತ್ತಿತ್ತು. ಅವರು ತಮ್ಮ ಅಂಕಿಗಳ ಜೊತೆ 1880ರ ಅಂಕಿಗಳನ್ನೂ ಇಟ್ಟು ವಿಶ್ಲೇಷಿಸಿದರು. ಒಂದು ದಿನದ ಬಿಂದುವಿನಲ್ಲಿ ರೇಖೆ ಮತ್ತೆ ಮೇಲಕ್ಕೆ ಜಿಗಿದಿತ್ತು. ನಿದ್ದೆಯ ಪ್ರಭಾವವಿರಬಹುದು ಎಂದು ಅವರು ಬರೆದರು. ರೇಖೆ ಪೂರ್ತಿ ನುಣುಪಲ್ಲ, ಇಪ್ಪತ್ತನಾಲ್ಕು ಗಂಟೆಯ ಬಳಿ ಬಹುಶಃ ಒಂದು ಜಿಗಿತವಿದೆ ಎಂದು, ಖಚಿತ ಎನ್ನದೆ ಬಹುಶಃ ಎಂದೇ, ಅಳೆದು ಹೇಳಿದರು. ಕಲಿತವನು ಒಬ್ಬನೇ ಎಂಬುದನ್ನೂ ಬರೆದರು.